ತೆಳು ತಗಡಿನ ಬೆಸುಗೆ: ಜೀಪಿನ ತುಕ್ಕು ಹಿಡಿದ ತಗಡನ್ನು ಮನೆಯಲ್ಲೇ ಬದಲಿಸುವ ಕ್ರಮ

ನಮ್ಮ ಸದಸ್ಯರಲ್ಲಿ ಬಹುಮಂದಿಯ ಅಂಗಳದಲ್ಲಿ ಒಂದು ಹಳೆಯ ಜೀಪೋ ಪಿಕಪ್ಪೋ ಕಾರೋ ಇದ್ದೇ ಇದೆ. ಗೊಬ್ಬರ ತರುವುದಕ್ಕೆ, ಕುಯ್ಲಿನ ಕಾಲದಲ್ಲಿ ಕೆಲಸದವರನ್ನು ಕರೆತರುವುದಕ್ಕೆ, ಹಣ್ಣನ್ನು ಪಲ್ಪರಿಗೆ ಸಾಗಿಸುವುದಕ್ಕೆ, ಮಕ್ಕಳನ್ನು ಬಸ್ಸಿನ ದಾರಿಯವರೆಗೆ ಬಿಡುವುದಕ್ಕೆ ಅದೇ ಆಧಾರ. ಇಂಥ ವಾಹನಗಳಲ್ಲಿ ಎಂಜಿನ್ ಸಾಮಾನ್ಯವಾಗಿ ಬೇಗ ಸೋಲುವುದಿಲ್ಲ. ಮೊದಲು ಸೋಲುವುದು ತಗಡು. ನೆಲದ ತಗಡು, ಮಡ್‌ಗಾರ್ಡಿನ ಒಳಮೈ, ಬಾಗಿಲಿನ ಕೆಳ ಅಂಚು, ಇವು ಒಂದೊಂದಾಗಿ ತೂತು ಬೀಳುತ್ತವೆ.

ಆಗ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಪೇಟೆಯ ವರ್ಕ್‌ಶಾಪಿನಲ್ಲಿ ಸರದಿ ಸಿಗದಿದ್ದರೆ ಗೇಟು, ಗ್ರಿಲ್ಲು ಮಾಡುವ ಅಂಗಡಿಯಲ್ಲಿ ತುಕ್ಕಿನ ಮೇಲೆಯೇ ಒಂದು ತಗಡಿಟ್ಟು ಕಡ್ಡಿಯಿಂದ ಬೆಸುಗೆ ಹಾಕಿಸುತ್ತೇವೆ. ಮೇಲೆ ಪಟ್ಟಿ ಮೆತ್ತಿ ಬಣ್ಣ ಬಳಿದರೆ ಹೊಸದರಂತೆ ಕಾಣುತ್ತದೆ. ಒಂದೆರಡು ಮಳೆಗಾಲ ಕಳೆಯುವುದರೊಳಗೆ ತೇಪೆಯ ಸುತ್ತ ಮತ್ತೆ ತೂತು. ಇದರಲ್ಲಿ ಹೋಗುವುದು ಹಣ ಮಾತ್ರವಲ್ಲ. ಆ ನೆಲದ ಮೇಲೆ ಕುಳಿತು ಬರುವವರು ನಮ್ಮ ಮನೆಯವರು, ನಮ್ಮ ತೋಟದ ಕೆಲಸದವರು. ಮೇಲಿಂದ ಗಟ್ಟಿಯಾಗಿ ಕಂಡು ಕೆಳಗಿನಿಂದ ಟೊಳ್ಳಾಗಿರುವ ತಗಡು, ತೂತು ಕಾಣುವ ತಗಡಿಗಿಂತಲೂ ಅಪಾಯಕಾರಿ ಎಂಬುದನ್ನು ಮರೆಯಬಾರದು.

ಈಚಿನ ವರ್ಷಗಳಲ್ಲಿ ಮನೆಯ ಒಂದೇ ಫೇಸಿನ ವಿದ್ಯುತ್ತಿನಿಂದ ನಡೆಯುವ ಚಿಕ್ಕ ಮಿಗ್ ಬೆಸುಗೆ ಯಂತ್ರಗಳು ಬಂದಿವೆ. ಸದಸ್ಯರಲ್ಲಿ ಕೆಲವರು ಕೊಂಡಿದ್ದಾರೆ, ಇನ್ನು ಕೆಲವರು ಕೊಳ್ಳುವ ಯೋಚನೆಯಲ್ಲಿದ್ದಾರೆ. ಆದುದರಿಂದ ಈ ಸಂಚಿಕೆಯಲ್ಲಿ ತೆಳು ತಗಡಿನ ಬೆಸುಗೆಯ ಕ್ರಮವನ್ನು ವಿವರವಾಗಿ ತಿಳಿಸಲು ಯತ್ನಿಸಿದ್ದೇವೆ.

ತುಕ್ಕು ಎಲ್ಲಿಂದ ಬರುತ್ತದೆ?

ಮಲೆನಾಡಿನ ಮಳೆಯೇ ಮೊದಲ ಕಾರಣ. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುವುದುಂಟು. ಆದರೆ ನೀರು ಬಿದ್ದು ಹರಿದುಹೋದರೆ ತೊಂದರೆ ಕಡಿಮೆ. ನಿಂತ ನೀರು ತಗಡನ್ನು ತಿನ್ನುತ್ತದೆ. ಬಾಗಿಲಿನ ಕೆಳಗೂ ನೆಲದ ತಗಡಿನಲ್ಲೂ ನೀರು ಇಳಿಯಲೆಂದೇ ತೂತುಗಳಿರುತ್ತವೆ. ಕೆಸರು, ಎಲೆಯ ಕಸ ತುಂಬಿ ಅವು ಮುಚ್ಚಿದರೆ ಒಳಗೆ ತಿಂಗಳುಗಟ್ಟಲೆ ತೇವ ನಿಲ್ಲುತ್ತದೆ.

ಎರಡನೆಯ ಕಾರಣ ನಾವೇ ಹೊತ್ತು ತರುವ ಸರಕು. ಪೊಟ್ಯಾಷ್ ಎಂದು ನಾವು ಕರೆಯುವ ಗೊಬ್ಬರ ರಾಸಾಯನಿಕವಾಗಿ ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಒಂದು ಬಗೆಯ ಉಪ್ಪು. ಚೀಲದಿಂದ ಉದುರಿ ತೇವದಲ್ಲಿ ಕರಗಿದರೆ ತುಕ್ಕನ್ನು ಬಹಳ ಬೇಗ ಹೆಚ್ಚಿಸುತ್ತದೆ. ಮೈಲುತುತ್ತದ ವಿಷಯ ಅಡಿಕೆ ಬೆಳೆಗಾರರಿಗೆ ಹೇಳಬೇಕಾಗಿಯೇ ಇಲ್ಲ. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಗಿದೆಯೋ ಇಲ್ಲವೋ ಎಂದು ನೋಡಲು ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದುತ್ತೇವಷ್ಟೆ. ಸುಣ್ಣ ಕಡಿಮೆಯಾಗಿದ್ದರೆ ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಕೂರುವ ತಾಮ್ರಕ್ಕೆ ಪ್ರತಿಯಾಗಿ ಕಬ್ಬಿಣ ಕರಗಿ ಹೋಗುತ್ತಿರುತ್ತದೆ. ಜೀಪಿನ ನೆಲದಲ್ಲಿ ಚೆಲ್ಲಿದ ಮೈಲುತುತ್ತದ ನೀರು ಮಾಡುವ ಕೆಲಸವೂ ಇದೇ.

ಯಾವುದನ್ನು ಮುಟ್ಟಬಾರದು?

ಬೆಸುಗೆ ಕಲಿಯುವ ಮೊದಲು ಎಲ್ಲಿ ಬೆಸುಗೆ ಹಾಕಬಾರದು ಎಂಬುದನ್ನು ತಿಳಿಯಬೇಕು. ಮನೆಯಲ್ಲಿ ಕೈ ಹಾಕಬಹುದಾದ ಭಾಗಗಳು ಇವು: ಪ್ರತ್ಯೇಕ ಚಾಸಿ ಇರುವ ಹಳೆಯ ಜೀಪಿನ ನೆಲದ ತಗಡು, ಮಡ್‌ಗಾರ್ಡು, ಬಾಗಿಲಿನ ಹೊರ ತಗಡು, ಟ್ರೈಲರಿನ ಬದಿ ಮತ್ತು ನೆಲ.

ಕೈ ಹಾಕಬಾರದ ಭಾಗಗಳು: ಚಾಸಿ ಮತ್ತು ಅದರ ಅಡ್ಡ ತೊಲೆಗಳು, ಪಾಟಾ ಸ್ಪ್ರಿಂಗು ಹಿಡಿಯುವ ಜಾಗಗಳು, ಸ್ಟಿಯರಿಂಗ್ ಪೆಟ್ಟಿಗೆಯ ಬುಡ, ಸೀಟು ಮತ್ತು ಸೀಟ್ ಬೆಲ್ಟು ಹಿಡಿದಿರುವ ಸ್ಥಳ, ಮೇಲ್ಛಾವಣಿಯ ಕಂಬಗಳು. ಈಗಿನ ಕಾರುಗಳಿಗೆ ಪ್ರತ್ಯೇಕ ಚಾಸಿ ಇಲ್ಲ. ಮೈಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗ ಅಲಂಕಾರಕ್ಕೆ ಇರುವುದಲ್ಲ. ಕಂಬಗಳಲ್ಲಿ ಹೆಚ್ಚು ಬಲದ ವಿಶೇಷ ಉಕ್ಕು ಇರುತ್ತದೆ, ಕಾಸಿದರೆ ಅದರ ಬಲ ಕುಂದುತ್ತದೆ. ಹೊರಗಿನಿಂದ ನೋಡಿ ಇದನ್ನು ಗುರುತಿಸಲಾಗದು. ಇಂಥ ಕೆಲಸವನ್ನು ಕಂಪನಿಯ ಕ್ರಮ ಬಲ್ಲ ವರ್ಕ್‌ಶಾಪಿಗೇ ಬಿಡುವುದು ಕ್ಷೇಮ.

ಪೆಟ್ರೋಲು ಅಥವಾ ಡೀಸೆಲ್ ಟ್ಯಾಂಕಿಗೆ ಮನೆಯಲ್ಲಿ ಬೆಸುಗೆ ಹಾಕಲೇಕೂಡದು. ಖಾಲಿ ಟ್ಯಾಂಕಿನಲ್ಲಿ ಆವಿ ಮತ್ತು ಗಾಳಿ ಬೆರೆತಿರುವುದರಿಂದ ಅದು ತುಂಬಿದ ಟ್ಯಾಂಕಿಗಿಂತ ಹೆಚ್ಚು ಅಪಾಯಕಾರಿ. ತೊಳೆದಿಟ್ಟ ಹಳೆಯ ಬ್ಯಾರಲುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಕಾನೂನಿನ ಒಂದು ಮಾತೂ ಇದೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆ ಬಳಿಕ ತಪಾಸಣೆಗೆ ಒಪ್ಪಿಸಿ ನವೀಕರಿಸಬೇಕು. ಚಾಸಿ ಸಂಖ್ಯೆ ಒತ್ತಿರುವ ಜಾಗದ ಹತ್ತಿರ ಕತ್ತರಿಸುವುದಾಗಲಿ ಉಜ್ಜುವುದಾಗಲಿ ಮಾಡಬೇಡಿ. ನೋಂದಣಿ ಪತ್ರದ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ನಿಷೇಧಿಸುತ್ತದೆ. ಕೆಟ್ಟ ತಗಡನ್ನು ಅದೇ ಆಕಾರದ ಒಳ್ಳೆಯ ತಗಡಿನಿಂದ ಬದಲಿಸುವುದಷ್ಟೇ ನಮ್ಮ ಕೆಲಸ.

ಮಿಗ್ ಎಂದರೇನು?

ವರ್ಕ್‌ಶಾಪುಗಳಲ್ಲಿ ಇದನ್ನು ಸಿ.ಒ.2 ವೆಲ್ಡಿಂಗ್ ಎಂದೂ ಕರೆಯುತ್ತಾರೆ. ಸುರುಳಿಯಿಂದ ಸಣ್ಣ ಉಕ್ಕಿನ ತಂತಿ ಟಾರ್ಚಿನ ಬಾಯಿಂದ ತಾನಾಗಿ ಹೊರಬರುತ್ತದೆ. ತಂತಿಯ ತುದಿಗೂ ತಗಡಿಗೂ ನಡುವೆ ವಿದ್ಯುತ್ ಕಿಡಿ ಹೊತ್ತಿ, ತಂತಿಯೂ ತಗಡೂ ಕರಗಿ ಒಂದಾಗುತ್ತವೆ. ಅದೇ ಬಾಯಿಂದ ಬರುವ ಅನಿಲ, ಕರಗಿದ ಲೋಹಕ್ಕೆ ಹೊರಗಿನ ಗಾಳಿ ತಾಗದಂತೆ ಕಾಯುತ್ತದೆ.

1948ರಲ್ಲಿ ಅಮೆರಿಕದ ಬ್ಯಾಟೆಲ್ ಸಂಶೋಧನಾ ಸಂಸ್ಥೆಯಲ್ಲಿ ಈ ವಿಧಾನ ರೂಪುಗೊಂಡಾಗ ಅದರ ಉದ್ದೇಶ ಅಲ್ಯುಮಿನಿಯಂ ಬೆಸುಗೆಯಾಗಿತ್ತು. 1950ರ ದಶಕದಲ್ಲಿ ಅಗ್ಗದ ಇಂಗಾಲದ ಡೈಆಕ್ಸೈಡ್ ಬಳಕೆಗೆ ಬಂದು ಉಕ್ಕಿನ ಕೆಲಸಕ್ಕೂ ಅನುಕೂಲವಾಯಿತು. ಆ ದಶಕದ ಕೊನೆಯಲ್ಲಿ ಸಣ್ಣ ತಂತಿ, ಕಡಿಮೆ ವಿದ್ಯುತ್ತಿನ ಕ್ರಮ ಬಂದ ಮೇಲೆ ತೆಳು ತಗಡಿಗೂ ಒದಗಿತು. ಈ ಕ್ರಮದಲ್ಲಿ ತಂತಿ ಸೆಕೆಂಡಿಗೆ ಹತ್ತಾರು ಸಲ ಕರಗಿದ ಲೋಹವನ್ನು ಮುಟ್ಟಿ, ತುಂಡಾಗಿ, ಮತ್ತೆ ಮುಟ್ಟುತ್ತದೆ. ಕಿಡಿ ಸತತವಾಗಿ ಉರಿಯುವುದಿಲ್ಲವಾದ್ದರಿಂದ ಶಾಖ ಮಿತವಾಗಿರುತ್ತದೆ. ಗೇಟಿನ ಅಂಗಡಿಯ 2.5 ಮಿ.ಮೀ. ಕಡ್ಡಿಗೆ ಸುಮಾರು 60ರಿಂದ 90 ಆಂಪಿಯರ್ ಬೇಕು. ಒಂದು ಮಿಲಿಮೀಟರಿಗಿಂತ ತೆಳುವಾದ ತಗಡು ಅದನ್ನು ತಡೆಯಲಾರದೆ ತೂತಾಗುತ್ತದೆ.

ತಗಡು ಏಕೆ ಸೊಟ್ಟಾಗುತ್ತದೆ?

ಈ ಪಾಠದ ತಿರುಳು ಇಲ್ಲಿದೆ. ಉಕ್ಕು ಕಾದರೆ ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಪಟ್ಟಿ 100 ಡಿಗ್ರಿ ಕಾದರೆ ಸುಮಾರು 1.2 ಮಿ.ಮೀ. ಉದ್ದವಾಗುತ್ತದೆ. ಇಡೀ ಪಟ್ಟಿ ಕಾದು ಇಡೀ ಪಟ್ಟಿ ಆರಿದರೆ ಮೊದಲಿನಂತೆಯೇ ಆಗುತ್ತದೆ. ಆದರೆ ಬೆಸುಗೆಯಲ್ಲಿ ಒಂದು ಚುಕ್ಕೆ ಮಾತ್ರ 1500 ಡಿಗ್ರಿಯ ಸುಮಾರಿಗೆ ಕಾದು ಕರಗುತ್ತದೆ. ಸುತ್ತಲಿನ ತಣ್ಣನೆಯ ತಗಡು ಅದನ್ನು ಹಿಗ್ಗಲು ಬಿಡುವುದಿಲ್ಲ. ಮೆತ್ತಗಾದ ಲೋಹ ಇದ್ದಲ್ಲೇ ಒತ್ತಿಕೊಂಡು ದಪ್ಪವಾಗುತ್ತದೆ. ಆರುವಾಗ ಮಾತ್ರ ಅದು ಕುಗ್ಗಲೇಬೇಕು. ಕುಗ್ಗುತ್ತಾ ಸುತ್ತಲಿನ ತಗಡನ್ನು ತನ್ನ ಕಡೆಗೆ ಎಳೆಯುತ್ತದೆ. ಚುಕ್ಕೆಯ ಪಕ್ಕದಲ್ಲೇ ಚುಕ್ಕೆ ಹಾಕುತ್ತ ಹೋದರೆ ಎಳೆತವೆಲ್ಲ ಒಟ್ಟುಗೂಡಿ ತಗಡು ಹಪ್ಪಳದಂತೆ ಏಳುತ್ತದೆ. ಮಟ್ಟಸವಾದ ಅಗಲ ತಗಡಿನಲ್ಲಿ ಇದು ಹೆಚ್ಚು, ಬಾಗು ಇರುವಲ್ಲಿ ಕಡಿಮೆ.

ಹೀಗಿರುವಲ್ಲಿ ತೆಳು ತಗಡಿನ ಕೆಲಸದಲ್ಲಿ ಸಾಮರ್ಥ್ಯ ಎಂದರೆ ಕೈಯ ವೇಗವಲ್ಲ, ಕಾಯುವ ತಾಳ್ಮೆ. ಕೆಳಗಿನ ಕ್ರಮಗಳೆಲ್ಲವೂ ಈ ಒಂದು ಮಾತಿನಿಂದಲೇ ಹುಟ್ಟಿದವು.

ಯಂತ್ರ, ತಂತಿ, ಅನಿಲ

ಮೊದಲು ತಗಡಿನ ದಪ್ಪ ತಿಳಿಯಿರಿ. ಅಂಗಡಿಯಲ್ಲಿ ಗೇಜಿನ ಲೆಕ್ಕದಲ್ಲಿ ಸಿಗುವ ತಗಡಿನಲ್ಲಿ 18 ಗೇಜು ಎಂದರೆ ಸುಮಾರು 1.2 ಮಿ.ಮೀ., 20 ಗೇಜು ಸುಮಾರು 0.9 ಮಿ.ಮೀ., 22 ಗೇಜು ಸುಮಾರು 0.7 ಮಿ.ಮೀ. ಹಳೆಯ ಜೀಪಿನ ತಗಡು ದಪ್ಪ. ಈಗಿನ ಕಾರಿನ ಹೊರ ತಗಡು ಬಹುತೇಕ 0.7ರಿಂದ 0.8 ಮಿ.ಮೀ. ತೇಪೆಯ ತಗಡು ಮೂಲ ತಗಡಿನಷ್ಟೇ ದಪ್ಪವಿರಬೇಕು. ದಪ್ಪ ತಗಡು ಹಾಕಿದರೆ ಗಟ್ಟಿ ಎಂಬ ಭಾವನೆ ಸರಿಯಲ್ಲ. ದಪ್ಪ ತಗಡು ಕರಗುವ ಹೊತ್ತಿಗೆ ತೆಳು ತಗಡು ಸುಟ್ಟುಹೋಗಿರುತ್ತದೆ.

ತಂತಿ 0.6 ಅಥವಾ 0.8 ಮಿ.ಮೀ. ಇರಲಿ. ಒಂದು ಮಿ.ಮೀ.ಗಿಂತ ತೆಳು ತಗಡಿಗೆ 0.6 ಉತ್ತಮ, ಅದು ಸಿಗದಿದ್ದರೆ 0.8 ಸಾಕು. ಇಂಗಾಲದ ಡೈಆಕ್ಸೈಡ್ ಅಗ್ಗ, ಆದರೆ ಕಿಡಿ ಹೆಚ್ಚು ಸಿಡಿಯುತ್ತದೆ. ಆರ್ಗಾನ್ ಬೆರೆತ ಅನಿಲದಲ್ಲಿ ಬೆಸುಗೆ ನಯವಾಗಿ ಬರುತ್ತದೆ, ತೆಳು ತಗಡಿಗೆ ಅದೇ ಅನುಕೂಲ. ಎರಡರಲ್ಲೂ ಹರಿವು ನಿಮಿಷಕ್ಕೆ 8ರಿಂದ 12 ಲೀಟರ್ ಇರಲಿ. ಅನಿಲ ಬೇಡದ, ಒಳಗೆ ಫ್ಲಕ್ಸ್ ತುಂಬಿದ ತಂತಿಯೂ ಇದೆ. ಗಾಳಿ ಬೀಸುವ ಬಯಲಿನಲ್ಲಿ ಗೇಟಿನಂಥ ದಪ್ಪ ಕೆಲಸಕ್ಕೆ ಅದು ಸರಿ. ತೆಳು ತಗಡಿಗೆ ಅದರ ಶಾಖ ಹೆಚ್ಚಾಗುತ್ತದೆ. ಅದನ್ನು ಬಳಸುವಾಗ ಯಂತ್ರದೊಳಗಿನ ಧನ ಋಣ ಸಂಪರ್ಕ ಅದಲು ಬದಲು ಮಾಡಬೇಕೆಂಬುದನ್ನು ಮರೆಯಬೇಡಿ.

ವಿದ್ಯುತ್ತಿನ ಪ್ರಮಾಣಕ್ಕೆ ಒಂದು ಸ್ಥೂಲ ಲೆಕ್ಕವಿದೆ: ತಗಡಿನ ಒಂದು ಮಿ.ಮೀ. ದಪ್ಪಕ್ಕೆ ಸುಮಾರು 40 ಆಂಪಿಯರ್. ಅಂದರೆ 20 ಗೇಜಿನ ತಗಡಿಗೆ 35ರಿಂದ 45 ಆಂಪಿಯರ್, 14ರಿಂದ 16 ವೋಲ್ಟ್. ಚುಕ್ಕೆ ಚುಕ್ಕೆಯಾಗಿ ಹಾಕುವಾಗ ಇದಕ್ಕಿಂತ ತುಸು ಹೆಚ್ಚೇ ಬೇಕಾಗುತ್ತದೆ. ಈ ಯಂತ್ರಗಳಲ್ಲಿ ತಂತಿಯ ವೇಗ ಹೆಚ್ಚಿಸಿದರೆ ಆಂಪಿಯರ್ ಹೆಚ್ಚುತ್ತದೆ. ಯಂತ್ರದ ಬಾಗಿಲಿನ ಒಳಗೆ ಅಂಟಿಸಿರುವ ಪಟ್ಟಿಯಿಂದ ಆರಂಭಿಸಿ, ಅದೇ ದಪ್ಪದ ಚೂರು ತಗಡಿನ ಮೇಲೆ ಹೊಂದಿಸಿಕೊಳ್ಳಿ. ಕಿವಿಯೇ ಒಳ್ಳೆಯ ಮೀಟರು. ಕಾದ ಎಣ್ಣೆಯಲ್ಲಿ ಹಪ್ಪಳ ಕರಿದ ಹಾಗೆ ಒಂದೇ ಸಮನೆ ಸದ್ದು ಬಂದರೆ ಸರಿಯಾಗಿದೆ. ಒಗ್ಗರಣೆಯ ಸಾಸಿವೆಯಂತೆ ಸಿಡಿಸಿಡಿ ಎಂದು, ಟಾರ್ಚನ್ನು ಹಿಂದಕ್ಕೆ ತಳ್ಳಿದಂತೆ ಅನಿಸಿದರೆ ತಂತಿಯ ವೇಗ ಹೆಚ್ಚಾಗಿದೆ.

ನಮ್ಮ ಕಡೆ ಬೇಸಿಗೆಯಲ್ಲಿ ಪಂಪುಸೆಟ್ಟುಗಳು ನಡೆಯುವಾಗ ವೋಲ್ಟೇಜು ಇಳಿಯುತ್ತದೆ. ಬೆಳಗ್ಗೆ ಹೊಂದಿಸಿದ ಯಂತ್ರ ಮಧ್ಯಾಹ್ನ ಬೇರೆ ರೀತಿ ನಡೆದೀತು. ಆದಕಾರಣ ಪ್ರತಿ ಸಲ ಆರಂಭಿಸುವಾಗಲೂ ಚೂರು ತಗಡಿನ ಮೇಲೆ ಪರೀಕ್ಷಿಸಿ. ಉದ್ದನೆಯ ತೆಳು ವೈರಿನಿಂದ ವಿದ್ಯುತ್ ತರಬೇಡಿ, ಕನಿಷ್ಠ 2.5 ಚದರ ಮಿ.ಮೀ. ತಾಮ್ರದ ವೈರು ಬೇಕು. ಸ್ವಿಚ್ಚಿಗೆ ಸರಿಯಾದ ಅರ್ತಿಂಗ್ ಇರಲೇಬೇಕು.

ಬೆಂಕಿ, ಕಣ್ಣು, ಹೊಗೆ

ಬೆಂಕಿ: ನಮ್ಮ ಶೆಡ್ಡುಗಳಲ್ಲಿ ಏನಿರುತ್ತದೆಂದು ಒಮ್ಮೆ ನೆನೆಯಿರಿ. ಗೋಣಿಚೀಲ, ಒಣಗಿದ ಅಡಿಕೆ ಸಿಪ್ಪೆ, ಸೌದೆ, ಡೀಸೆಲ್ ಕ್ಯಾನು, ಟಾರ್ಪಾಲು. ಬೆಸುಗೆಯ ಕಿಡಿ ಹಲವು ಅಡಿ ದೂರ ಹಾರುತ್ತದೆ, ನೆಲದ ಸಂದಿಯಲ್ಲಿ ಅಡಗಿ ಅರ್ಧ ಗಂಟೆಯ ಬಳಿಕವೂ ಹೊತ್ತಿಸಬಲ್ಲದು. ಕೆಲಸವನ್ನು ಶೆಡ್ಡಿನ ಹೊರಗೆ, ಗಾಳಿಗೆ ಮರೆಯಿರುವ ಸಿಮೆಂಟು ನೆಲದ ಮೇಲೆ ಮಾಡಿ. ವಾಹನದಿಂದ ಬ್ಯಾಟರಿ ಬಿಚ್ಚಿ ದೂರವಿಡಿ. ಸೀಟು, ರಬ್ಬರ್ ಮ್ಯಾಟು ತೆಗೆಯಿರಿ. ತಗಡಿನ ಹಿಂಬದಿಯಲ್ಲಿ ಪೆಟ್ರೋಲ್ ಕೊಳವೆ, ಬ್ರೇಕಿನ ಕೊಳವೆ, ವೈರುಗಳು ಇವೆಯೇ ನೋಡಿ ಸರಿಸಿ. ಹಳೆಯ ಜೀಪುಗಳಲ್ಲಿ ಟ್ಯಾಂಕು ಸೀಟಿನ ಕೆಳಗೇ ಇರುವುದುಂಟು. ಅದನ್ನು ಇಳಿಸಿ ದೂರವಿಡದೆ ನೆಲದ ತಗಡನ್ನು ಮುಟ್ಟಬೇಡಿ. ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು, ಸಾಧ್ಯವಾದರೆ ಪುಡಿಯ ಅಗ್ನಿಶಾಮಕ ಪಕ್ಕದಲ್ಲಿರಲಿ. ನೀರು ಮರಕ್ಕೂ ಗೋಣಿಗೂ ಮಾತ್ರ. ಎಣ್ಣೆಯ ಬೆಂಕಿಗೂ ವಿದ್ಯುತ್ತಿನ ಬೆಂಕಿಗೂ ಅಲ್ಲ. ಹಿಂಬದಿ ನೋಡಲು ಒಬ್ಬರು ಜೊತೆಗಿರಬೇಕು. ಕೆಲಸ ಮುಗಿದ ಮೇಲೂ ಒಂದು ಗಂಟೆ ಆ ಜಾಗವನ್ನು ಬಿಟ್ಟು ಹೋಗಬಾರದು.

ಕಣ್ಣು: ಕಿಡಿಯ ಬೆಳಕಿನಲ್ಲಿ ಕಾಣದ ಅತಿನೇರಳೆ ಕಿರಣ ಇದೆ. ಅದರ ಪೆಟ್ಟು ಆ ಕ್ಷಣ ತಿಳಿಯುವುದಿಲ್ಲ. ಎಷ್ಟೋ ಗಂಟೆಗಳ ಬಳಿಕ, ಬಹುಶಃ ರಾತ್ರಿ ಮಲಗಿದ ಮೇಲೆ, ಕಣ್ಣಿಗೆ ಮರಳು ಸುರಿದಂತೆ ಉರಿಯುತ್ತದೆ. 10 ಅಥವಾ 11ನೆಯ ನಂಬರಿನ ಕಪ್ಪು ಗಾಜಿನ ಮುಖವಾಡ ಬೇಕೇ ಬೇಕು. ಬಿಸಿಲಿನ ಕನ್ನಡಕ ಸಾಲದು. ಜೊತೆಗಿರುವವರಿಗೂ ಮುಖವಾಡ ಬೇಕು, ಮಕ್ಕಳನ್ನು ಹತ್ತಿರ ಬಿಡಲೇಬಾರದು. ಉರಿ ಬಂದರೆ ಮನೆಮದ್ದು ಬಿಡದೆ ಕಣ್ಣಿನ ವೈದ್ಯರಿಗೆ ತೋರಿಸಿ. ಉಜ್ಜುವ ಯಂತ್ರ ಹಿಡಿಯುವಾಗಲೂ ಬಿಳಿ ಕನ್ನಡಕ ಧರಿಸಿ. ಲುಂಗಿ, ಟೆರಿಲೀನ್ ಬಟ್ಟೆ, ರಬ್ಬರ್ ಚಪ್ಪಲಿ ಈ ಕೆಲಸಕ್ಕೆ ಆಗದು. ಹತ್ತಿಯ ಪೂರ್ತಿ ತೋಳಿನ ಅಂಗಿ, ಪ್ಯಾಂಟು, ಚರ್ಮದ ಕೈಗವಸು, ಒಣಗಿದ ಬೂಟು ಇರಲಿ.

ಹೊಗೆ: ಸತು ಲೇಪಿಸಿದ ತಗಡಿನ, ಅಂದರೆ ನಮ್ಮ ಮಾಡಿಗೆ ಹಾಕುವ ಜಿ.ಐ. ಶೀಟಿನಂಥ ತಗಡಿನ ಮೇಲೆ ಬೆಸುಗೆ ಹಾಕಿದರೆ ಬಿಳಿ ಹೊಗೆ ಏಳುತ್ತದೆ. ಸತು 907 ಡಿಗ್ರಿಗೇ ಕುದಿಯುತ್ತದೆ, ಉಕ್ಕು ಕರಗುವ ಮೊದಲೇ ಅದು ಆವಿಯಾಗುತ್ತದೆ. ಆ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ಬಳಿಕ ಮಲೇರಿಯಾದಂತೆ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಏನೂ ಆಗದೆಂಬ ನಂಬಿಕೆ ವರ್ಕ್‌ಶಾಪುಗಳಲ್ಲಿದೆ, ಅದಕ್ಕೆ ಆಧಾರವಿಲ್ಲ. ಜಿ.ಐ. ತಗಡನ್ನು ತೇಪೆಗೆ ಬಳಸದಿರುವುದೇ ಲೇಸು. ಬಳಸಲೇಬೇಕಾದರೆ ಬೆಸುಗೆಯ ಅಂಚಿನಿಂದ ಸತುವನ್ನು ಪೂರ್ತಿ ಉಜ್ಜಿ ತೆಗೆಯಿರಿ. ಉಜ್ಜುವಾಗಲೂ ಧೂಳು ಒಳಗೆ ಹೋಗದಂತೆ ಮುಖಕ್ಕೆ ಮಾಸ್ಕ್ ಇರಲಿ. ಬ್ರೇಕ್ ತೊಳೆಯುವ ಸ್ಪ್ರೇ ಬಳಸಿ ತಗಡನ್ನು ತೊಳೆದು ಬೆಸುಗೆ ಹಾಕಬೇಡಿ. ಅವುಗಳಲ್ಲಿ ಕೆಲವಕ್ಕೆ ಕ್ಲೋರಿನ್ ಸೇರಿರುತ್ತದೆ. ಕಿಡಿಯ ಶಾಖದಲ್ಲಿ ಅದು ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ. ಜೀಪಿನ ಕೆಳಗೆ ಗುಂಡಿಯಲ್ಲಿ ಇಳಿದು ಬೆಸುಗೆ ಹಾಕುವುದೂ ಬೇಡ. ಆರ್ಗಾನ್, ಇಂಗಾಲದ ಡೈಆಕ್ಸೈಡ್ ಎರಡೂ ಗಾಳಿಗಿಂತ ಭಾರ, ಗುಂಡಿಯಲ್ಲಿ ತುಂಬಿ ಉಸಿರಾಟಕ್ಕೆ ಗಾಳಿ ಇಲ್ಲದಂತೆ ಮಾಡುತ್ತವೆ.

ತೇಪೆಯ ತಯಾರಿ

ತುಕ್ಕಿನ ನಿಜವಾದ ಅಂಚು ಕಣ್ಣಿಗೆ ಕಾಣುವ ಅಂಚಲ್ಲ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ, ಸ್ಕ್ರೂಡ್ರೈವರಿನ ಮೊನೆಯಿಂದ ಚುಚ್ಚುತ್ತಾ ಹೋಗಿ. ಮೊನೆ ಇಳಿದರೆ ಅದು ಸತ್ತ ತಗಡು. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆಯಿರಿ. ತೂತು ದೊಡ್ಡದಾಯಿತೆಂದು ಹೆದರಬೇಕಾಗಿಲ್ಲ. ಕೊಳೆತ ಅಂಚಿಗೆ ಹಾಕಿದ ಬೆಸುಗೆ ನಿಲ್ಲುವುದಿಲ್ಲ, ಅಷ್ಟೆ.

ಕತ್ತರಿಸಿದ ಜಾಗದ ಮೂಲೆಗಳನ್ನು ದುಂಡಗೆ ಮಾಡಿ; ಚೂಪಾದ ಮೂಲೆಯಲ್ಲಿ ಶಾಖವೂ ಸೇರುತ್ತದೆ, ಮುಂದೆ ಬಿರುಕೂ ಹುಟ್ಟುತ್ತದೆ. ರಟ್ಟಿನಿಂದ ಅಳತೆ ಮಾಡಿ, ಅದರಂತೆ ತಗಡು ಕತ್ತರಿಸಿ. ನಾಲ್ಕು ಕಡೆಯೂ ತಂತಿಯ ದಪ್ಪದಷ್ಟು ಸಂದು ಉಳಿದರೆ ಸಾಕು. ಎರಡೂ ಅಂಚುಗಳಲ್ಲಿ ಒಂದು ಅಂಗುಲ ಅಗಲಕ್ಕೆ ಬಣ್ಣ, ತುಕ್ಕು, ಎಣ್ಣೆ ಇಲ್ಲದಂತೆ ಒಳಗೂ ಹೊರಗೂ ಉಜ್ಜಿ ಬಿಳಿ ಲೋಹ ಕಾಣಿಸಬೇಕು. ಅರ್ತ್ ಕ್ಲ್ಯಾಂಪನ್ನೂ ಹೀಗೆ ಉಜ್ಜಿದ ಜಾಗಕ್ಕೆ, ಬೆಸುಗೆಗೆ ಹತ್ತಿರದಲ್ಲೇ ಹಾಕಿ.

ನೆಲದ ತಗಡು ಕೆಳಗಿನ ಅಡ್ಡಪಟ್ಟಿಯ ಮೇಲೆ ಕೂರುವಲ್ಲಿ ಬೇರೆ ಕ್ರಮ. ಕಾರ್ಖಾನೆಯಲ್ಲಿ ಸ್ಪಾಟ್ ವೆಲ್ಡಿಂಗ್ ಮಾಡಿದ ಕಡೆ, ಮೇಲಿನ ತಗಡಿನಲ್ಲಿ 6ರಿಂದ 8 ಮಿ.ಮೀ. ತೂತು ಕೊರೆದು, ಎರಡೂ ತಗಡುಗಳನ್ನು ಬಿಗಿಯಾಗಿ ಹಿಡಿದು, ಆ ತೂತನ್ನು ಬೆಸುಗೆಯಿಂದ ತುಂಬಬೇಕು. ತೂತಿನ ನಡುವೆ ಕೆಳಗಿನ ತಗಡಿನ ಮೇಲೆ ಕಿಡಿ ಹೊತ್ತಿಸಿ, ಸುತ್ತುತ್ತಾ ಅಂಚಿಗೆ ಬನ್ನಿ. ಈ ಅಡ್ಡಪಟ್ಟಿಯೇ ತುಕ್ಕು ತಿಂದಿದ್ದರೆ ಮೊದಲು ಅದನ್ನು ಬಲ್ಲವರಿಂದ ಬದಲಿಸಿ, ನಂತರ ತಗಡಿನ ಮಾತು.

ಬೆಸುಗೆ ಹಾಕುವ ಕ್ರಮ

ಒಂದು ಉದಾಹರಣೆ ನೋಡೋಣ. ಜೀಪಿನಲ್ಲಿ ಕಾಲಿಡುವ ಜಾಗಕ್ಕೆ 15 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತೇಪೆ ಎಂದಿಟ್ಟುಕೊಳ್ಳಿ. ಸುತ್ತಳತೆ 50 ಸೆಂ.ಮೀ. ಮೊದಲು ನಾಲ್ಕು ಬದಿಗಳ ಮಧ್ಯಕ್ಕೆ ಒಂದೊಂದು ಚುಕ್ಕೆ. ತೇಪೆ ಮಟ್ಟವಾಗಿದೆಯೇ ನೋಡಿ, ಬೇಕಾದರೆ ತಟ್ಟಿ ಸರಿಮಾಡಿ. ನಂತರ ಎದುರು ಬದುರಾಗಿ ಹೋಗುತ್ತಾ ಎರಡೂವರೆ ಸೆಂ.ಮೀ.ಗೆ ಒಂದರಂತೆ 20 ಚುಕ್ಕೆಗಳು. ಆಮೇಲೆ ಅವುಗಳ ನಡುವೆ ಒಂದೊಂದು, ಮತ್ತೆ ಅವುಗಳ ನಡುವೆ, ಹೀಗೆ ಸಂದು ತುಂಬುವವರೆಗೆ. ಒಂದು ಚುಕ್ಕೆ ಸುಮಾರು 5 ಮಿ.ಮೀ. ಅಗಲವಾದರೆ ಒಟ್ಟು 100 ಚುಕ್ಕೆ ಬೇಕು.

ಒಂದೊಂದು ಚುಕ್ಕೆಗೆ ಒಂದು ಸೆಕೆಂಡ್ ಎಂದರೂ ಕಿಡಿ ಉರಿಯುವುದು ಎರಡು ನಿಮಿಷಕ್ಕಿಂತ ಕಡಿಮೆ. ಆದರೆ ನಾಲ್ಕು ಚುಕ್ಕೆ ಹಾಕಿ, ತಗಡನ್ನು ಕೈಯಿಂದ ಮುಟ್ಟಬಹುದಾದಷ್ಟು ಆರಲು ಮೂರು ನಿಮಿಷ ಬಿಟ್ಟರೆ, 25 ಸುತ್ತಿಗೆ 75 ನಿಮಿಷವಾಗುತ್ತದೆ. ಎರಡು ನಿಮಿಷದ ಬೆಂಕಿ, ಒಂದೂ ಕಾಲು ಗಂಟೆಯ ಕಾಯುವಿಕೆ: ತೆಳು ತಗಡಿನ ಲೆಕ್ಕ ಇದು. ಬೇಗ ಮುಗಿಸಬೇಕೆಂದು ನೀರು ಎರಚುವುದು ಬೇಡ.

ತಂತಿ ಟಾರ್ಚಿನ ಬಾಯಿಂದ 8ರಿಂದ 10 ಮಿ.ಮೀ. ಹೊರಗಿರಲಿ, ಪ್ರತಿ ಸಲ ತುದಿಯ ಗುಂಡನ್ನು ಕತ್ತರಿಸಿ. ಸಂದು ಅಗಲವಾಗಿರುವಲ್ಲಿ ಹಿಂಬದಿಗೆ ತಾಮ್ರದ ತುಂಡನ್ನು ಒತ್ತಿ ಹಿಡಿಯಬಹುದು. ಹಳೆಯ ತಾಮ್ರದ ಕೊಳವೆಯನ್ನು ತಟ್ಟಿ ಚಪ್ಪಟೆ ಮಾಡಿದರೆ ಸಾಕು. ತಾಮ್ರ ಶಾಖವನ್ನು ಎಳೆದುಕೊಳ್ಳುತ್ತದೆ, ಬೆಸುಗೆ ಅದಕ್ಕೆ ಅಂಟುವುದಿಲ್ಲ.

ಉಬ್ಬಿದ ಬೆಸುಗೆಯನ್ನು 60 ಅಥವಾ 80 ನಂಬರಿನ ಫ್ಲಾಪ್ ಡಿಸ್ಕಿನಿಂದ ಸ್ವಲ್ಪ ಸ್ವಲ್ಪವಾಗಿ ಉಜ್ಜಿ. ಗಟ್ಟಿ ಕಲ್ಲಿನ ಡಿಸ್ಕಿನಿಂದ ಒತ್ತಿ ಉಜ್ಜಿದರೆ ತಗಡು ನೀಲಿಯಾಗುವಷ್ಟು ಕಾದು, ಬೆಸುಗೆಯಲ್ಲಿ ಉಳಿಸಿದ ಮಟ್ಟ ಉಜ್ಜುವಾಗ ಕೆಟ್ಟುಹೋಗುತ್ತದೆ. ಸಣ್ಣಪುಟ್ಟ ಎಳೆತ ಬಂದಿದ್ದರೆ ಟಿಂಕರಿನವರ ಉಪಾಯವಿದೆ: ಹಿಂಬದಿಗೆ ಡಾಲಿ ಹಿಡಿದು, ಬೆಸುಗೆಯ ಗೆರೆಯ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಕುಗ್ಗಿದ ಲೋಹ ಹಿಗ್ಗಿ ತಗಡು ಮಟ್ಟಕ್ಕೆ ಬರುತ್ತದೆ.

ಬೆಸುಗೆ ಹಿಡಿದಿದೆಯೇ?

ಚುಕ್ಕೆ ಬೆಸುಗೆಯ ದೊಡ್ಡ ದೋಷವೆಂದರೆ ಮೇಲೆ ಗುಂಡಗೆ ಕುಳಿತು ಒಳಗೆ ಹಿಡಿಯದಿರುವುದು. ಹೆದರಿ ಆಂಪಿಯರ್ ತೀರ ಕಡಿಮೆ ಮಾಡಿದರೆ ಹೀಗಾಗುತ್ತದೆ. ಹಿಂಬದಿಗೆ ಹೋಗಿ ನೋಡಿ. ಪ್ರತಿ ಚುಕ್ಕೆಯೂ ಹಿಂದೆ ಸ್ವಲ್ಪ ಉಬ್ಬಿ ಕಾಣಬೇಕು. ಕಾಣದಿದ್ದರೆ ಅದು ಬೆಸುಗೆಯಲ್ಲ, ಅಂಟು.

ವಾಹನವನ್ನು ಮುಟ್ಟುವ ಮೊದಲೇ ಒಂದು ಪರೀಕ್ಷೆ ಮಾಡಬೇಕು. ಅದೇ ದಪ್ಪದ ಎರಡು ಚೂರುಗಳನ್ನು 10 ಸೆಂ.ಮೀ. ಉದ್ದಕ್ಕೆ ಬೆಸೆದು, ವೈಸಿಗೆ ಕಚ್ಚಿಸಿ, ಸುತ್ತಿಗೆಯಿಂದ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ. ಹರಿಯುವುದಾದರೆ ಬೆಸುಗೆಯ ಪಕ್ಕದ ತಗಡು ಹರಿಯಬೇಕು, ಬೆಸುಗೆ ಬಿಡಬಾರದು. ಇದರಲ್ಲಿ ಸತತವಾಗಿ ತೇರ್ಗಡೆಯಾಗುವವರೆಗೆ ಜನ ಕೂರುವ ವಾಹನಕ್ಕೆ ಕೈ ಹಾಕಬೇಡಿ. ಮೊದಲ ಕೆಲಸ ಟ್ರೈಲರಿನ ಬದಿಯ ತಗಡಿಗೆ ಆಗಲಿ.

ಉಳಿದ ತೊಂದರೆಗಳೂ ಅವುಗಳ ಕಾರಣವೂ ಹೀಗಿವೆ:

ಬೆಸುಗೆಯಲ್ಲಿ ದೋಸೆಯಂತೆ ತೂತುಗಳು: ಅನಿಲ ತಲುಪುತ್ತಿಲ್ಲ. ಗಾಳಿ ಬೀಸಿರಬಹುದು, ಸಿಲಿಂಡರು ಖಾಲಿಯಾಗಿರಬಹುದು, ಟಾರ್ಚಿನ ಬಾಯಲ್ಲಿ ಕಿಡಿಯ ಕಸ ಕಟ್ಟಿರಬಹುದು. ಇಲ್ಲವೇ ತಗಡಿನಲ್ಲಿ ಬಣ್ಣ, ತುಕ್ಕು ಉಳಿದಿದೆ.

ತಗಡು ತೂತಾಯಿತು: ಅದೇ ಬಿಸಿಯಲ್ಲಿ ತುಂಬಲು ಹೋಗಬೇಡಿ, ತೂತು ದೊಡ್ಡದಾಗುತ್ತದೆ. ಆರಲು ಬಿಡಿ. ಹಿಂದೆ ತಾಮ್ರ ಹಿಡಿದು, ತೂತಿನ ಅಂಚಿನಿಂದ ಒಂದೊಂದೇ ಚುಕ್ಕೆ ಹಾಕುತ್ತಾ ಒಳಗೆ ಬನ್ನಿ.

ತಂತಿ ಟಾರ್ಚಿನ ಬಾಯಿಗೇ ಅಂಟಿತು: ತಂತಿಯ ವೇಗ ಕಡಿಮೆ, ಅಥವಾ ಸುರುಳಿಯಲ್ಲಿ ತುಕ್ಕು ಬಂದು ತಂತಿ ಸರಾಗವಾಗಿ ಬರುತ್ತಿಲ್ಲ. ಮಳೆಗಾಲದಲ್ಲಿ ಸುರುಳಿಯನ್ನು ಯಂತ್ರದಿಂದ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಣ ಜಾಗದಲ್ಲಿಡಿ.

ಬೆಸುಗೆಯ ನಂತರ

ಬೆಸುಗೆ ಮುಗಿದಲ್ಲಿಗೆ ಅರ್ಧ ಕೆಲಸ ಮುಗಿಯಿತು. ಕಾದು ಬರಿದಾದ ಉಕ್ಕಿನ ಮೇಲೆ ಮಲೆನಾಡಿನ ಹವೆಯಲ್ಲಿ ಮರುದಿನವೇ ಕೆಂಪು ಏರುತ್ತದೆ. ಅದೇ ದಿನ ಒಳಗೂ ಹೊರಗೂ ಎಪಾಕ್ಸಿ ಅಥವಾ ಸತುವಿನ ಪ್ರೈಮರ್ ಬಳಿಯಿರಿ. ಅದು ಒಣಗಿದ ಮೇಲೆ ಕೂಡುವ ಗೆರೆಗಳಿಗೆ ಸೀಲರ್, ಆ ಬಳಿಕ ಬಣ್ಣ, ಕೆಳಮೈಗೆ ಅಂಡರ್‌ಕೋಟು. ಬಾಗಿಲಿನಂಥ ಮುಚ್ಚಿದ ಟೊಳ್ಳುಗಳ ಒಳಗೆ ಮೇಣದ ಸ್ಪ್ರೇ ಹೊಡೆಯಿರಿ. ಪಟ್ಟಿ ನೀರು ಹೀರುತ್ತದೆ. ಪ್ರೈಮರ್ ಇಲ್ಲದ ತಗಡಿನ ಮೇಲೆ ಅದನ್ನು ನೇರವಾಗಿ ಮೆತ್ತಿ ಹಾಗೆಯೇ ಬಿಡಬೇಡಿ. ಕೊನೆಯದಾಗಿ ನೀರು ಇಳಿಯುವ ತೂತುಗಳನ್ನು ಸೀಲರ್ ಮುಚ್ಚಿಲ್ಲವೆಂದು ತಂತಿ ಹಾಕಿ ಖಚಿತ ಮಾಡಿಕೊಳ್ಳಿ. ಮುಂದೆ ಗೊಬ್ಬರವಾಗಲಿ ಮೈಲುತುತ್ತವಾಗಲಿ ಸಾಗಿಸಿದ ದಿನ ಜೀಪಿನ ನೆಲವನ್ನು ನೀರಿನಿಂದ ತೊಳೆಯುವ ಅಭ್ಯಾಸವಿಟ್ಟುಕೊಂಡರೆ ಮತ್ತೆ ಯಂತ್ರ ತೆಗೆಯುವ ಪ್ರಸಂಗ ಬಹಳ ಕಾಲ ಬಾರದು.

ಸದಸ್ಯರಲ್ಲಿ ಒಂದು ವಿನಂತಿ

ಇಂಥ ಯಂತ್ರ ಒಬ್ಬರ ಮನೆಯಲ್ಲಿ ವರ್ಷಕ್ಕೆ ನಾಲ್ಕು ದಿನ ಕೆಲಸ ಮಾಡಿ ಉಳಿದ ದಿನ ಸುಮ್ಮನಿರುತ್ತದೆ. ಅಕ್ಕಪಕ್ಕದ ನಾಲ್ಕೈದು ಬೆಳೆಗಾರರು ಕೂಡಿ ಒಂದನ್ನು ಕೊಳ್ಳುವುದು ಸಹಕಾರದ ರೀತಿಗೂ ಒಪ್ಪುತ್ತದೆ, ಖರ್ಚಿಗೂ ಹಗುರ. ಹಾಗೆ ಕೊಳ್ಳುವಾಗ ಯಂತ್ರದ ಜೊತೆಗೆ ಎರಡು ಮುಖವಾಡ, ಕೈಗವಸು, ಅಗ್ನಿಶಾಮಕ, ಇವುಗಳ ಬೆಲೆಯನ್ನೂ ಸೇರಿಸಿಯೇ ಪಾಲು ಹಾಕಿಕೊಳ್ಳಿ. ಸಿಲಿಂಡರನ್ನು ನೇರವಾಗಿ ನಿಲ್ಲಿಸಿ ಸರಪಳಿಯಿಂದ ಕಟ್ಟಿಡಿ. ಮುಚ್ಚಿದ ಕಾರಿನೊಳಗೆ ಸಾಗಿಸಬೇಡಿ. ಯಂತ್ರವನ್ನು ಯಾರು ಬಳಸಬಹುದು ಎಂಬುದಕ್ಕೆ ಒಂದೇ ನಿಯಮ ಇರಲಿ: ಮೇಲೆ ಹೇಳಿದ ವೈಸಿನ ಪರೀಕ್ಷೆಯನ್ನು ಉಳಿದವರ ಎದುರಿನಲ್ಲಿ ಮಾಡಿ ತೋರಿಸಿದವರು.

ಕುಯ್ಲು ಮುಗಿದು ಹೂಮಳೆಯೂ ಬಿದ್ದ ಮೇಲೆ, ಮುಂಗಾರಿಗೆ ಮೊದಲು ಸಿಗುವ ಬಿಡುವು ಈ ಕೆಲಸಕ್ಕೆ ತಕ್ಕ ಕಾಲ. ಹವೆ ಒಣಗಿರುತ್ತದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಜೂನ್ ತಿಂಗಳಲ್ಲಿ ಸೋರುವ ನೆಲ ಕಂಡು ಗಾಬರಿಯಾಗುವುದಕ್ಕಿಂತ ಏಪ್ರಿಲ್ ತಿಂಗಳಲ್ಲೇ ಸ್ಕ್ರೂಡ್ರೈವರ್ ಹಿಡಿದು ಜೀಪಿನ ಕೆಳಗೊಮ್ಮೆ ನೋಡುವುದು ಮೇಲು.